10 ಗಿಗಾಬಿಟ್ ಕಾರ್ಡು, 3 ಗಿಗಾಬಿಟ್ ವೇಗ: ಡೇಟಾ ಎಲ್ಲಿ ಕಾಯುತ್ತೆ ಅನ್ನೋದರ ಚರಿತ್ರೆ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಗಡಿಬಿಡಿಯಲ್ಲಿ ದಾಟಿಸಿದ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ, ಕೂತು ಓದೋರಿಗೆ ಅನುಕೂಲ ಆಗಲಿ ಅಂತ.

ಸಮಸ್ಯೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋದೇ. ಲಿನಕ್ಸ್ ವರ್ಕ್‌ಸ್ಟೇಷನ್‌ಗೆ 10 ಗಿಗಾಬಿಟ್ ಕಾರ್ಡ್ ಹಾಕಿದ್ದೀವಿ. ಸ್ವಿಚ್ಚೂ 10 ಗಿಗಾಬಿಟ್‌ದೇ. ಕೇಬಲ್ ಸರಿ ಇದೆ, ಲಿಂಕ್ ಲೈಟ್ ಹಸಿರು, ಈಥ್‌ಟೂಲ್ ಕೇಳಿದ್ರೆ 10000 ಅಂತ ತೋರಿಸುತ್ತೆ. ಆದ್ರೆ ಡೇಟಾ ಕಳಿಸಿ ನೋಡಿದ್ರೆ ಸೆಕೆಂಡಿಗೆ 3 ಗಿಗಾಬಿಟ್ ಮೇಲೆ ಏಳಲ್ಲ. ಆಮೇಲೆ ಕಾನ್ಫರೆನ್ಸ್ ಕಾಲ್ ಶುರು. ಸರ್ವರ್ ಟೀಮಿನವರು ನೆಟ್‌ವರ್ಕ್ ಅಂತಾರೆ, ನೆಟ್‌ವರ್ಕ್‌ನವರು ಸ್ಟೋರೇಜ್ ಅಂತಾರೆ, ಸ್ಟೋರೇಜ್‌ನವರು ಡ್ರೈವರ್ ಅಂತಾರೆ. ಕೊನೆಗೆ ಯಾರೋ ಒಬ್ಬರು ಎಲ್ಲಿಂದಲೋ ಹತ್ತು ಸಾಲು ಸಿಸ್‌ಸಿಟಿಎಲ್ ಸೆಟ್ಟಿಂಗ್ ತಂದು ಅಂಟಿಸ್ತಾರೆ. ಸರಿ ಹೋದ್ರೆ ಯಾಕೆ ಹೋಯ್ತು ಗೊತ್ತಿಲ್ಲ, ಹೋಗದಿದ್ರೆ ಯಾಕೆ ಹೋಗಲಿಲ್ಲ ಅನ್ನೋದೂ ಗೊತ್ತಿಲ್ಲ.

ಆ ಹತ್ತು ಸಾಲಿಗೂ ಒಂದೊಂದು ಹುಟ್ಟಿದ ವರ್ಷ ಇದೆ. ಯಾವುದೋ ಕಾಲದಲ್ಲಿ, ಯಾವುದೋ ಲ್ಯಾಬಿನಲ್ಲಿ, ಯಾರಿಗೋ ಎದುರಾದ ಒಂದು ಪ್ರಶ್ನೆಗೆ ಕೊಟ್ಟ ಉತ್ತರ ಅದು. ಪ್ರಶ್ನೆ ಏನಿತ್ತು ಅಂತ ತಿಳಿಯದೆ ಉತ್ತರ ಮಾತ್ರ ಅಂಟಿಸಿದ್ರೆ, ಬೇರೆಯವರ ಕಾಯಿಲೆಗೆ ಬರೆದ ಮಾತ್ರೆ ನಾವು ನುಂಗಿದ ಹಾಗೆ. ಹಾಗಾಗಿ ಇವತ್ತು ಆ ಪ್ರಶ್ನೆಗಳ ಚರಿತ್ರೆ ನೋಡೋಣ. ನಾನು ಹೇಳಬೇಕು ಅಂತಿರೋದು ಒಂದೇ ಮಾತು: ನೆಟ್‌ವರ್ಕ್ ನಿಧಾನ ಅಂದ್ರೆ ಯಾರೋ ಯಾರಿಗಾಗಿಯೋ ಕಾಯ್ತಿದ್ದಾರೆ ಅಂತ ಅರ್ಥ. ಈ ನಲವತ್ತು ವರ್ಷದಲ್ಲಿ ಆ ಕಾಯುವ ಜಾಗ ಮತ್ತೆ ಮತ್ತೆ ಬದಲಾಗಿದೆ. ಹಳೇ ಜಾಗಗಳು ಮಾತ್ರ ಮಾಯ ಆಗಿಲ್ಲ, ಎಲ್ಲವೂ ನಿಮ್ಮ ಮೇಜಿನ ಮೇಲಿರೋ ಪೆಟ್ಟಿಗೆಯೊಳಗೆ ಪದರ ಪದರವಾಗಿ ಕೂತಿವೆ.

1986: 400 ಗಜ ದೂರ, ಸೆಕೆಂಡಿಗೆ 40 ಬಿಟ್

1986ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಪಕ್ಕದಲ್ಲೇ ಇರುವ ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ 400 ಗಜ ದೂರ. ನಡೆದುಕೊಂಡು ಹೋದ್ರೂ ಐದೇ ನಿಮಿಷ. ಅವುಗಳ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್ ಇದ್ದದ್ದು 40 ಬಿಟ್‌ಗೆ ಇಳಿಯಿತು. ಸಾವಿರ ಬಿಟ್ಟುಹೋಗಿಲ್ಲ, ಬರೀ 40. ಸೆಕೆಂಡಿಗೆ ಐದು ಅಕ್ಷರ. ಕೈಯಲ್ಲಿ ಬರೆದು ಕೊಟ್ಟು ಬಂದ್ರೂ ಅದಕ್ಕಿಂತ ಬೇಗ ಆಗ್ತಿತ್ತು.

ಬರ್ಕ್ಲಿ ಲ್ಯಾಬ್‌ನಲ್ಲಿದ್ದ ವ್ಯಾನ್ ಜೇಕಬ್ಸನ್, ಬರ್ಕ್ಲಿ ಯುನಿಕ್ಸ್ ತಂಡದ ಮೈಕ್ ಕ್ಯಾರೆಲ್ಸ್ ಜೊತೆ ಸೇರಿ ಕಾರಣ ಹುಡುಕಿದರು. ತಂತಿ ಕೆಟ್ಟಿರಲಿಲ್ಲ. ಯಾವ ಕಂಪ್ಯೂಟರೂ ನಿಯಮ ಮುರಿದಿರಲಿಲ್ಲ. ಪ್ರತಿಯೊಂದೂ ಕಲಿಸಿದ ಹಾಗೇ ಮಾಡ್ತಿತ್ತು: ಕಳಿಸಿದ ಪ್ಯಾಕೆಟ್‌ಗೆ ಉತ್ತರ ಬರಲಿಲ್ಲವಾ, ಮತ್ತೆ ಕಳಿಸು. ದಾರಿಯಲ್ಲಿ ಜನಜಂಗುಳಿ ಆದಾಗ ಉತ್ತರ ತಡವಾಗುತ್ತೆ. ತಡ ಆದಾಗ ಎಲ್ಲರೂ ಮತ್ತೆ ಕಳಿಸ್ತಾರೆ. ಜಂಗುಳಿ ದುಪ್ಪಟ್ಟಾಗುತ್ತೆ. ಕೊನೆಗೆ ದಾರಿ ತುಂಬ ಒಂದೇ ಪ್ಯಾಕೆಟ್‌ನ ನಕಲುಗಳು. ಇದಕ್ಕೇ ಕಂಜೆಶನ್ ಕೊಲ್ಯಾಪ್ಸ್ ಅಂತ ಹೆಸರು.

ಪರಿಹಾರವಾಗಿ ಬಂದದ್ದು ಸ್ಲೋ ಸ್ಟಾರ್ಟ್ ಮತ್ತು ಅದರ ಜೊತೆಗಿನ ನಿಯಮಗಳು. ಮೊದಲು ಸ್ವಲ್ಪ ಕಳಿಸು, ಉತ್ತರ ಬಂದ ಹಾಗೆ ಹೆಚ್ಚಿಸು, ಪ್ಯಾಕೆಟ್ ಕಳೆದುಹೋದ್ರೆ ತಗ್ಗಿಸು. 1988ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಸಿಗ್‌ಕಾಮ್ ಸಮ್ಮೇಳನದಲ್ಲಿ ಜೇಕಬ್ಸನ್ ಅವರ ಪ್ರಬಂಧ ಬಂತು.

ಅದೇ ಸಮ್ಮೇಳನದಲ್ಲಿ ಅದೇ ಸಮಸ್ಯೆಗೆ ಬೇರೆ ಉತ್ತರ ಕೊಟ್ಟ ಇನ್ನೊಂದು ಪ್ರಬಂಧವೂ ಇತ್ತು. ಅದನ್ನ ಬರೆದವರು ಕೆ. ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್. ಇಬ್ಬರೂ ಆಗ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದರು. ಇಬ್ಬರೂ ಸ್ನಾತಕೋತ್ತರ ಪದವಿ ಪಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದ್ರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ: ಜೈನ್ 1974ರಲ್ಲಿ, ರಾಮಕೃಷ್ಣನ್ 1978ರಲ್ಲಿ. ಮಲ್ಲೇಶ್ವರ, ಯಶವಂತಪುರದ ಕಡೆಯಿಂದ ಬಂದವರು ಆ ಮರಗಳ ಸಾಲಿನ ಮುಂದೆ ಎಷ್ಟು ಸಲ ಬಸ್ಸಲ್ಲಿ ಹೋಗಿಲ್ಲ! ಅವರು ಹೇಳಿದ್ದು ಇಷ್ಟು: ಪ್ಯಾಕೆಟ್ ಕಳೆದುಹೋಗುವ ತನಕ ಯಾಕೆ ಕಾಯಬೇಕು? ದಾರಿಯಲ್ಲಿರೋ ರೌಟರ್‌ಗೆ ತನ್ನ ಸಾಲು ಉದ್ದ ಆಗ್ತಿದೆ ಅಂತ ಮೊದಲೇ ಗೊತ್ತು. ಅದು ಪ್ಯಾಕೆಟ್‌ನಲ್ಲಿ ಒಂದೇ ಒಂದು ಬಿಟ್ ಹಚ್ಚಿ ಕಳಿಸಲಿ, ಕಳಿಸುವವರು ನೋಡಿಕೊಂಡು ನಿಧಾನ ಮಾಡಲಿ. ಈ ಯೋಚನೆ ಇಸಿಎನ್ ಅನ್ನೋ ಹೆಸರಲ್ಲಿ 2001ರಲ್ಲಿ ಇಂಟರ್ನೆಟ್ ಮಾನಕವಾಯಿತು, ಅದರ ಲೇಖಕರಲ್ಲೂ ರಾಮಕೃಷ್ಣನ್ ಇದ್ದಾರೆ. 2010ರಲ್ಲಿ ಬಂದ ಡೇಟಾ ಸೆಂಟರ್ ಟಿಸಿಪಿ ನಿಂತಿರೋದೂ ಇದೇ ಬಿಟ್ ಮೇಲೆ. ರಾಮಕೃಷ್ಣನ್ ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತೆ.

16 ಬಿಟ್‌ನ ಕಿಟಕಿ

ಎರಡನೇ ಕಾಯುವ ಜಾಗ ಟಿಸಿಪಿಯ ಒಳಗೇ ಇದೆ. 1981ರ ಸೆಪ್ಟೆಂಬರ್‌ನಲ್ಲಿ ಟಿಸಿಪಿಯ ಮಾನಕ ಬರೆದಾಗ, ಉತ್ತರಕ್ಕೆ ಕಾಯದೆ ಒಂದೇ ಸಲಕ್ಕೆ ಎಷ್ಟು ಡೇಟಾ ಕಳಿಸಬಹುದು ಅಂತ ಹೇಳೋಕೆ 16 ಬಿಟ್ ಜಾಗ ಇಟ್ಟರು. ಇದೇ ವಿಂಡೋ. 16 ಬಿಟ್‌ನಲ್ಲಿ ಹೇಳಬಹುದಾದ ದೊಡ್ಡ ಸಂಖ್ಯೆ 65,535 ಬೈಟ್. ಆ ಕಾಲದ ವೇಗಕ್ಕೆ ಅದು ಧಾರಾಳ.

ಈಗ ಲೆಕ್ಕ ಹಾಕಿ. ಹೈದರಾಬಾದ್‌ನಿಂದ ದೆಹಲಿಗೆ ಹೋಗಿಬರೋಕೆ ಒಂದು ಪ್ಯಾಕೆಟ್‌ಗೆ 30 ಮಿಲಿಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳೋಣ. 64 ಕೆಬಿ ಕಳಿಸಿ 30 ಮಿಲಿಸೆಕೆಂಡ್ ಕೈ ಕಟ್ಟಿ ಕೂತರೆ, ಸೆಕೆಂಡಿಗೆ ಆಗೋದು ಸುಮಾರು 17 ಮೆಗಾಬಿಟ್. ಕಾರ್ಡ್ 10 ಗಿಗಾಬಿಟ್ ಇರಲಿ, 100 ಗಿಗಾಬಿಟ್ ಇರಲಿ, ಒಂದು ಕನೆಕ್ಷನ್‌ಗೆ 17 ಮೆಗಾಬಿಟ್ಟೇ. ಗಂಟಲು ಸಣ್ಣದಿದ್ದ ಕೊಡದಿಂದ ಬಾವಿ ಬತ್ತಿಸೋಕೆ ಹೋದ ಹಾಗೆ.

1992ರ ಮೇ ತಿಂಗಳಲ್ಲಿ ಇದಕ್ಕೆ ಪರಿಹಾರ ಬಂತು. ಜೇಕಬ್ಸನ್ ಜೊತೆ ಬ್ರೇಡನ್, ಬೋರ್ಮನ್ ಸೇರಿ ಬರೆದ ಆರ್‌ಎಫ್‌ಸಿ 1323ರಲ್ಲಿ ವಿಂಡೋ ಸ್ಕೇಲಿಂಗ್ ಅನ್ನೋ ಉಪಾಯ ಇದೆ. 16 ಬಿಟ್‌ನ ಜಾಗ ಹಾಗೇ ಇರಲಿ, ಅದರಲ್ಲಿರೋ ಸಂಖ್ಯೆಯನ್ನ ಎಷ್ಟರಿಂದ ಗುಣಿಸಬೇಕು ಅಂತ ಕನೆಕ್ಷನ್ ಶುರುವಿನಲ್ಲೇ ಇಬ್ಬರೂ ಒಪ್ಪಿಕೊಳ್ಳಲಿ. ಹೀಗೆ ವಿಂಡೋ 1 ಜಿಬಿ ತನಕ ಬೆಳೆಯಬಹುದು. ಆದ್ರೆ ಅಷ್ಟು ಮೆಮೊರಿ ಯಾರು ಇಡೋದು? ಬಹಳ ವರ್ಷ ಅಡ್ಮಿನ್‌ಗಳು ಕೈಯಲ್ಲೇ ಈ ಬಫರ್ ಸಂಖ್ಯೆ ಬದಲಾಯಿಸ್ತಿದ್ದರು. ನಾವು ಅಂಟಿಸೋ ಹತ್ತು ಸಾಲಿನಲ್ಲಿ ಐದಾರು ಸಾಲು ಆ ಕಾಲದ್ದೇ. ಲಿನಕ್ಸ್ 2.6 ಸರಣಿಯಲ್ಲಿ ಕರ್ನಲ್ ತಾನೇ ಬೇಕಾದಷ್ಟು ಬಫರ್ ಬೆಳೆಸಿಕೊಳ್ಳೋ ಹಾಗಾಯ್ತು. ಬಹಳ ವರ್ಷ, 2025ರ ತನಕ, ಸಾಮಾನ್ಯ ಲಿನಕ್ಸ್‌ನಲ್ಲಿ ರಿಸೀವ್ ಬಫರ್‌ನ ಗರಿಷ್ಠ ಮಿತಿ 6 ಎಂಬಿ ಇತ್ತು.

6 ಎಂಬಿ ಸಾಕಾ? ದೂರದ ಮೇಲೆ ನಿಂತಿದೆ. ಒಂದೇ ಆಫೀಸಿನ ಒಳಗೆ ಹೋಗಿಬರುವ ಸಮಯ 0.2 ಮಿಲಿಸೆಕೆಂಡ್ ಅಂದ್ರೆ, 10 ಗಿಗಾಬಿಟ್ ತುಂಬಿಸೋಕೆ ಬೇಕಾದ ವಿಂಡೋ ಬರೀ 250 ಕೆಬಿ. 6 ಎಂಬಿ ಧಾರಾಳ. ಅದೇ 30 ಮಿಲಿಸೆಕೆಂಡ್ ದೂರಕ್ಕೆ 37.5 ಎಂಬಿ ಬೇಕು. 6 ಎಂಬಿ ಪೂರ್ತಿ ವಿಂಡೋಗೇ ಸಿಕ್ಕಿದರೂ 1.7 ಗಿಗಾಬಿಟ್ ದಾಟದು. ಹಾಗಾಗಿ ಪಕ್ಕದ ರೂಮಿನ ಸರ್ವರ್ ನಿಧಾನ ಅಂತ ಬಫರ್ ದೊಡ್ಡದು ಮಾಡೋದರಲ್ಲಿ ಅರ್ಥ ಇಲ್ಲ, ಬೇರೆ ಊರಿನ ಸರ್ವರ್ ನಿಧಾನ ಅಂದ್ರೆ ಅಲ್ಲೇ ಮೊದಲು ನೋಡಬೇಕು. ಒಂದೇ ಸೆಟ್ಟಿಂಗು, ಒಂದು ಕಡೆ ಔಷಧ, ಇನ್ನೊಂದು ಕಡೆ ಬೂದಿ.

ಬಫರ್ ದೊಡ್ಡದಾದಷ್ಟೂ ಒಳ್ಳೆಯದು ಅಂತಲೂ ಅಲ್ಲ. 2010ರ ಹೊತ್ತಿಗೆ ಜಿಮ್ ಗೆಟ್ಟಿಸ್ ತೋರಿಸಿಕೊಟ್ಟ ಹಾಗೆ, ದಾರಿಯಲ್ಲಿರೋ ಉಪಕರಣಗಳಲ್ಲಿ ಮೆಮೊರಿ ಅಗ್ಗ ಅಂತ ಬಫರ್ ತುಂಬಿಸಿಟ್ಟಿದ್ದರಿಂದ ಪ್ಯಾಕೆಟ್‌ಗಳು ಅಲ್ಲೇ ಕೂತು ತಡವಾಗ್ತಿದ್ದವು. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು ಬಂತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ಇದಕ್ಕೆ ಮದ್ದು ಬರೆದವರು ಯಾರು ಗೊತ್ತಾ? ಮತ್ತೆ ಅದೇ ವ್ಯಾನ್ ಜೇಕಬ್ಸನ್.

ಬಾಗಿಲ ಗಂಟೆ ನಿಲ್ಲದ ಮನೆ

ಈಗ ದಾರಿ ಬಿಟ್ಟು ಮನೆಯೊಳಗೆ ಬರೋಣ. ಪ್ಯಾಕೆಟ್ ಕಾರ್ಡ್‌ಗೆ ಬಂತು ಅಂತ ಸಿಪಿಯುಗೆ ಹೇಗೆ ಗೊತ್ತಾಗಬೇಕು? ಹಳೇ ಉತ್ತರ ಇಂಟರಪ್ಟ್. ಕಾರ್ಡ್ ಗಂಟೆ ಹೊಡೆಯುತ್ತೆ, ಸಿಪಿಯು ಕೈಲಿದ್ದ ಕೆಲಸ ಬಿಟ್ಟು ಓಡಿಬಂದು ಪ್ಯಾಕೆಟ್ ತಗೊಳ್ಳುತ್ತೆ. 10 ಮೆಗಾಬಿಟ್ ಈಥರ್ನೆಟ್‌ನಲ್ಲಿ 1500 ಬೈಟ್‌ನ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 800 ಬರ್ತಿದ್ದವು. ಗಂಟೆಗೆ ಎದ್ದು ಹೋಗೋದು ಕಷ್ಟ ಇರಲಿಲ್ಲ.

ಹಬ್ಬದ ಸೇಲ್ ದಿನ ಮನೆಯಲ್ಲಿ ಒಬ್ಬರೇ ಅಡುಗೆ ಮಾಡ್ತಿದ್ದೀರಿ, ಕೊರಿಯರ್‌ನವರು ಹತ್ತು ಸೆಕೆಂಡಿಗೊಬ್ಬರು ಬಂದು ಗಂಟೆ ಹೊಡೀತಿದ್ದಾರೆ ಅಂದುಕೊಳ್ಳಿ. ಪ್ರತಿ ಸಲ ಸ್ಟವ್ ಆರಿಸಿ ಓಡಿದ್ರೆ ಪಾರ್ಸೆಲ್ ರಾಶಿ ಬೀಳುತ್ತೆ, ಒಂದನ್ನೂ ಬಿಚ್ಚೋಕೆ ಪುರುಸೊತ್ತಿಲ್ಲ, ಅಡುಗೆಯಂತೂ ಇಲ್ಲ. ಸಿಪಿಯುಗೂ ಹೀಗೇ ಆಗುತ್ತೆ. ಗಂಟೆಗೆ ಓಡೋದರಲ್ಲೇ ಸಮಯ ಮುಗಿದು, ತಗೊಂಡ ಪ್ಯಾಕೆಟ್‌ಗಳು ಮುಂದೆ ಹೋಗದೆ ಸಾಲಿನಲ್ಲಿ ತುಂಬಿ ಬಿಸಾಕಲ್ಪಡ್ತವೆ. ಸಿಪಿಯು ನೂರಕ್ಕೆ ನೂರು ಕೆಲಸದಲ್ಲಿದೆ, ಉಪಯೋಗ ಸೊನ್ನೆ.

ಇದಕ್ಕೆ ರಿಸೀವ್ ಲೈವ್‌ಲಾಕ್ ಅಂತ ಹೆಸರು. 1996ರಲ್ಲಿ ಇದನ್ನ ಅಳೆದು, ಪರಿಹಾರ ಬರೆದವರು ಜೆಫ್ರಿ ಮೊಗಲ್ ಮತ್ತು ನಮ್ಮ ಆಗಿನ ಅದೇ ಕೆ. ಕೆ. ರಾಮಕೃಷ್ಣನ್. ಪರಿಹಾರ ಸರಳ: ಮೊದಲ ಗಂಟೆಗೆ ಎದ್ದು ಬಾ, ಬಂದ ಕೂಡಲೆ ಗಂಟೆಯ ವೈರ್ ಕಿತ್ತಿಡು, ನಿಂತಲ್ಲೇ ಒಂದು ಮಿತಿಯಷ್ಟು ಪಾರ್ಸೆಲ್ ತಗೋ, ಇನ್ನೂ ಇದ್ರೆ ಬೇರೆ ಕೆಲಸಕ್ಕೂ ಸ್ವಲ್ಪ ಸಮಯ ಕೊಟ್ಟು ಮತ್ತೆ ಬಾ, ಎಲ್ಲ ಖಾಲಿಯಾದ ಮೇಲೆ ವೈರ್ ಮತ್ತೆ ಹಾಕು.

ಲಿನಕ್ಸ್ ಈ ಪಾಠ ಕಲಿಯೋಕೆ ಇನ್ನೂ ಕೆಲವು ವರ್ಷ ಹಿಡಿಯಿತು. ನಡುವೆ ಒಂದು ಅವಮಾನ ಕಾದಿತ್ತು.

1999ರ ಏಪ್ರಿಲ್‌ನಲ್ಲಿ ಮೈಂಡ್‌ಕ್ರಾಫ್ಟ್ ಅನ್ನೋ ಸಂಸ್ಥೆ ಒಂದು ವರದಿ ಹೊರತಂತು. ನಾಲ್ಕು 400 ಮೆಗಾಹರ್ಟ್ಸ್ ಸಿಪಿಯು, 1 ಜಿಬಿ ಮೆಮೊರಿ, ನಾಲ್ಕು 100 ಮೆಗಾಬಿಟ್ ಕಾರ್ಡ್ ಇರುವ ಒಂದೇ ಡೆಲ್ ಸರ್ವರ್ ಮೇಲೆ ಲಿನಕ್ಸ್ 2.2 ಮತ್ತು ವಿಂಡೋಸ್ ಎನ್‌ಟಿ 4 ಎರಡನ್ನೂ ಓಡಿಸಿ ನೋಡಿದ್ದರು. ಫೈಲ್ ಸರ್ವರ್ ಆಗಿ ಎನ್‌ಟಿ 2.5 ಪಟ್ಟು, ವೆಬ್ ಸರ್ವರ್ ಆಗಿ 3.7 ಪಟ್ಟು ವೇಗ ಅಂತ ಫಲಿತಾಂಶ. ಪರೀಕ್ಷೆಯ ಖರ್ಚು ಕೊಟ್ಟವರು ಮೈಕ್ರೋಸಾಫ್ಟ್. ಲಿನಕ್ಸ್ ಜಗತ್ತು ಕೆಂಡಾಮಂಡಲ ಆಯ್ತು. ದುಡ್ಡು ಕೊಟ್ಟು ಬರೆಸಿದ ವರದಿ, ಲಿನಕ್ಸ್ ಅನ್ನ ಸರಿಯಾಗಿ ಟ್ಯೂನ್ ಮಾಡಿಲ್ಲ ಅಂತ ಕೂಗೆದ್ದಿತು. ಆ ಮಾತಿನಲ್ಲಿ ಸತ್ಯವೂ ಇತ್ತು. ಆಮೇಲೆ ಲಿನಕ್ಸ್ ಕಡೆಯವರನ್ನೂ ಕರೆದು ಮತ್ತೆ ಪರೀಕ್ಷೆ ಮಾಡಿದರು. ಲಿನಕ್ಸ್ ಸುಧಾರಿಸಿತು, ಆದರೂ ಎನ್‌ಟಿಯೇ ಮುಂದಿತ್ತು.

ಆಗ ಕರ್ನಲ್ ಬರೆಯೋರು ಬೈಯೋದು ಬಿಟ್ಟು ಕೋಡ್ ತೆರೆದು ನೋಡಿದರು. ಒಳಬರುವ ಪ್ಯಾಕೆಟ್‌ಗಳ ಕೆಲಸದ ದೊಡ್ಡ ಭಾಗವನ್ನ 2.2ರಲ್ಲಿ ಒಂದು ಸಲಕ್ಕೆ ಒಂದೇ ಸಿಪಿಯು ಮಾಡ್ತಿತ್ತು. ನಾಲ್ಕು ಕಾರ್ಡ್ ಹಾಕಿ, ನಾಲ್ಕು ಸಿಪಿಯು ಹಾಕಿ, ಏನೇ ಮಾಡಿ, ಬಾಗಿಲು ಒಂದೇ. ಡೇವಿಡ್ ಮಿಲ್ಲರ್, ಅಲೆಕ್ಸಿ ಕುಜ್ನೆಟ್ಸೊವ್, ಇಂಗೊ ಮೊಲ್ನಾರ್ ಮೊದಲಾದವರು 2.3 ಸರಣಿಯಲ್ಲಿ ಆ ಭಾಗ ಹೊಸದಾಗಿ ಬರೆದರು. 2001ರ ಜನವರಿಯಲ್ಲಿ ಬಂದ 2.4ರಲ್ಲಿ ಎಲ್ಲ ಸಿಪಿಯುಗಳೂ ಒಟ್ಟಿಗೆ ನೆಟ್‌ವರ್ಕ್ ಕೆಲಸ ಮಾಡಬಲ್ಲವಾಗಿದ್ದವು. ಅದೇ ವರ್ಷ ಜಮಾಲ್ ಹಾದಿ ಸಲೀಮ್, ರಾಬರ್ಟ್ ಓಲ್ಸನ್, ಕುಜ್ನೆಟ್ಸೊವ್ ಮೂವರೂ ಗಂಟೆಯ ವೈರ್ ಕಿತ್ತಿಡುವ ಉಪಾಯವನ್ನ ಲಿನಕ್ಸ್‌ಗೆ ತಂದರು. ಅದೇ ನಾಪಿ. ಇವತ್ತು ನಿಮ್ಮ ಲಿನಕ್ಸ್‌ನಲ್ಲಿ ಓಡ್ತಿರೋ ನೆಟ್‌ವರ್ಕ್ ಡ್ರೈವರ್‌ಗಳೆಲ್ಲ ಬಹುಮಟ್ಟಿಗೆ ಇದರ ಮೇಲೇ ನಿಂತಿವೆ.

ನನಗೆ ಈ ಘಟನೆ ಬಹಳ ಇಷ್ಟ. ಅಳತೆ ಎದುರಾಳಿಯದ್ದೇ ಇರಬಹುದು, ಉದ್ದೇಶ ಚೆನ್ನಾಗಿಲ್ಲದೇ ಇರಬಹುದು, ಆದರೂ ಅಳತೆ ತೋರಿಸಿದ ತೂತು ನಿಜವೇ ಆಗಿರಬಹುದು. ನಮ್ಮ ಕಾಲ್‌ಗಳಲ್ಲಿ ಇನ್ನೊಂದು ಟೀಮ್ ತಂದ ಗ್ರಾಫ್ ನೋಡಿ ನಮಗೆ ಸಿಟ್ಟು ಬರುತ್ತಲ್ಲ, ಆಗ ನೆನಪಿಸಿಕೊಳ್ಳಬೇಕಾದ ಕಥೆ ಇದು.

1500 ಬೈಟ್‌ನ ಹಳೇ ಚೀಲ

ಈಥರ್ನೆಟ್ 1973ರಲ್ಲಿ ಜೆರಾಕ್ಸ್‌ನ ಲ್ಯಾಬಿನಲ್ಲಿ ಹುಟ್ಟಿದಾಗ ವೇಗ 2.94 ಮೆಗಾಬಿಟ್. ಆಮೇಲೆ 10 ಮೆಗಾಬಿಟ್, 1995ರಲ್ಲಿ 100, 1998ರಲ್ಲಿ 1 ಗಿಗಾಬಿಟ್, 2002ರಲ್ಲಿ 10 ಗಿಗಾಬಿಟ್. ವೇಗ ಸಾವಿರ ಪಟ್ಟು ಏರಿತು. ಒಂದು ಪ್ಯಾಕೆಟ್‌ನಲ್ಲಿ ಹಿಡಿಸುವ ಡೇಟಾ ಮಾತ್ರ 10 ಮೆಗಾಬಿಟ್ ಕಾಲದ 1500 ಬೈಟ್‌ನಲ್ಲೇ ನಿಂತುಹೋಯ್ತು. ಲಾರಿಯ ವೇಗ ಸಾವಿರ ಪಟ್ಟು ಆಯ್ತು, ಚೀಲ ಮಾತ್ರ ಅದೇ ಅಳತೆ. ಚೀಲ ಇಳಿಸೋ ಹಮಾಲರ ಗತಿ?

ತಂತಿಯ ಮೇಲೆ ಹೆಡರ್, ನಡುವಿನ ಅಂತರ ಎಲ್ಲ ಸೇರಿ ಒಂದು ಪ್ಯಾಕೆಟ್ 1538 ಬೈಟ್ ಜಾಗ ಹಿಡಿಯುತ್ತೆ. 10 ಗಿಗಾಬಿಟ್‌ನಲ್ಲಿ ಅಂಥ ಪ್ಯಾಕೆಟ್ ಸೆಕೆಂಡಿಗೆ 8 ಲಕ್ಷ 12 ಸಾವಿರ. ಒಂದೊಂದಕ್ಕೆ 1.23 ಮೈಕ್ರೋಸೆಕೆಂಡ್. 3 ಗಿಗಾಹರ್ಟ್ಸ್ ಸಿಪಿಯುಗೆ ಅಂದಾಜು 3,700 ಸೈಕಲ್, ಅಷ್ಟರಲ್ಲಿ ಎಲ್ಲ ಮುಗೀಬೇಕು. ಅತಿ ಚಿಕ್ಕ ಪ್ಯಾಕೆಟ್‌ಗಳಾದ್ರೆ ಸೆಕೆಂಡಿಗೆ 1 ಕೋಟಿ 48 ಲಕ್ಷ, ಒಂದಕ್ಕೆ 67 ನ್ಯಾನೋಸೆಕೆಂಡ್, ಬರೀ 200 ಸೈಕಲ್.

ಲಿನಕ್ಸ್ ಮತ್ತು ಕಾರ್ಡ್ ತಯಾರಕರು ಸೇರಿ ಇದಕ್ಕೆ ಒಂದು ಜಾಣತನ ಹೂಡಿದರು. ಕರ್ನಲ್ ಒಳಗೆ 64 ಕೆಬಿಯ ದೊಡ್ಡ ಮೂಟೆಯಾಗಿಯೇ ಡೇಟಾ ಓಡಾಡಲಿ, ಕೊನೇ ಘಳಿಗೆಯಲ್ಲಿ ಕಾರ್ಡೇ ಅದನ್ನ 1500ರ ಚೀಲಗಳಾಗಿ ಕತ್ತರಿಸಲಿ. ಇದು ಟಿಎಸ್‌ಒ, 2002ರ ಹೊತ್ತಿಗೆ ಬಂತು. ಬರುವ ಕಡೆಯಲ್ಲಿ ಸಣ್ಣ ಚೀಲಗಳನ್ನ ಮತ್ತೆ ಮೂಟೆ ಕಟ್ಟೋದು ಜಿಆರ್‌ಒ, 2009ರಲ್ಲಿ ಬಂತು. ಸೆಕೆಂಡಿಗೆ 8 ಲಕ್ಷ ಸಲ ಮಾಡಬೇಕಿದ್ದ ಕೆಲಸ ಹೀಗೆ 18 ಸಾವಿರ ಸಲಕ್ಕೆ ಇಳಿಯುತ್ತೆ. ಯಾರಾದ್ರೂ ಹಳೇ ಸಲಹೆ ಓದಿ ಈ ಆಫ್‌ಲೋಡ್‌ಗಳನ್ನ ಆರಿಸಿಟ್ಟಿದ್ರೆ, ಅಲ್ಲಿಗೆ ವೇಗ ಮುಗೀತು.

ಇನ್ನೊಂದು ದಾರಿ ಚೀಲವನ್ನೇ 9000 ಬೈಟ್‌ಗೆ ಹಿಗ್ಗಿಸೋದು, ಅಂದ್ರೆ ಜಂಬೋ ಫ್ರೇಮ್. ಕೆಲಸ ಮಾಡುತ್ತೆ. ಆದ್ರೆ ಒಂದೇ ಜಾಲದಲ್ಲಿರೋ ಎರಡೂ ತುದಿ, ನಡುವಿನ ಸ್ವಿಚ್ ಎಲ್ಲವೂ ಒಪ್ಪಬೇಕು. ಒಂದು ಒಪ್ಪದಿದ್ರೂ ಪಿಂಗ್ ಚೆನ್ನಾಗಿ ಹೋಗುತ್ತೆ, ದೊಡ್ಡ ಫೈಲ್ ಮಾತ್ರ ನಡುವೆ ನಿಂತುಬಿಡುತ್ತೆ.

ಈ ಲೆಕ್ಕದಿಂದ ಇನ್ನೊಂದು ಉಪಯೋಗ ಇದೆ. ಹೆಡರ್‌ಗಳ ಖರ್ಚು ಕಳೆದು 1500ರ ಚೀಲದಲ್ಲಿ ಟಿಸಿಪಿಗೆ ಸಿಗೋ ಗರಿಷ್ಠ ವೇಗ ಸುಮಾರು 9.4 ಗಿಗಾಬಿಟ್. ನಿಮಗೆ 9.4 ಬರ್ತಿದ್ರೆ ಕಾರ್ಡ್ ಪೂರ್ತಿ ವೇಗದಲ್ಲಿದೆ. ಉಳಿದ 0.6ಕ್ಕಾಗಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಟೋಲ್ ಗೇಟ್‌ನ ಒಂದೇ ಲೇನ್

2000ದ ದಶಕದ ಮಧ್ಯದಿಂದ ಸಿಪಿಯುಗಳ ವೇಗ ಏರೋದು ನಿಧಾನವಾಗಿ, ಕೋರ್‌ಗಳ ಸಂಖ್ಯೆ ಏರತೊಡಗಿತು. ಕಾರ್ಡ್‌ಗಳಲ್ಲೂ ಹಲವು ಸಾಲುಗಳು ಬಂದವು, ಒಂದೊಂದು ಸಾಲಿಗೆ ಒಂದೊಂದು ಕೋರ್. ಇದಕ್ಕೆ ಆರ್‌ಎಸ್‌ಎಸ್ ಅಂತಾರೆ. 2010ರಲ್ಲಿ ಲಿನಕ್ಸ್ 2.6.35ಕ್ಕೆ ಗೂಗಲ್‌ನ ಟಾಮ್ ಹರ್ಬರ್ಟ್ ಇದನ್ನೇ ಸಾಫ್ಟ್‌ವೇರ್‌ನಲ್ಲಿ ಮಾಡುವ ಆರ್‌ಪಿಎಸ್ ಸೇರಿಸಿದರು.

ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ ಟೋಲ್ ನೋಡಿದ್ದೀರಲ್ಲ? ಹತ್ತು ಲೇನ್ ಇವೆ ಅಂದುಕೊಳ್ಳಿ. ಆದ್ರೆ ಇಲ್ಲಿ ಒಂದು ನಿಯಮ: ಒಂದು ಕನೆಕ್ಷನ್‌ನ ಪ್ಯಾಕೆಟ್‌ಗಳು ಹಿಂದೆ ಮುಂದೆ ಆಗಬಾರದು, ಹಾಗಾಗಿ ಒಂದು ಮದುವೆ ದಿಬ್ಬಣದ ಕಾರುಗಳೆಲ್ಲ ಒಂದೇ ಲೇನ್‌ನಲ್ಲೇ ಹೋಗಬೇಕು. ದಿಬ್ಬಣ ಒಂದೇ ಇದ್ರೆ ಒಂದು ಲೇನ್ ಉಸಿರುಗಟ್ಟುತ್ತೆ, ಒಂಬತ್ತು ಲೇನ್ ಖಾಲಿ ಹೊಡೀತವೆ. ಟಾಪ್‌ನಲ್ಲಿ ಒಟ್ಟು ಸಿಪಿಯು ಬಳಕೆ ಶೇಕಡಾ 10 ಅಂತ ಕಾಣುತ್ತೆ, ಎಲ್ಲರೂ ಸಿಪಿಯು ಆರಾಮಾಗಿದೆ ಅಂತಾರೆ. ಟಾಪ್ ಒಳಗೆ 1 ಒತ್ತಿ ಕೋರ್ ಕೋರ್ ಬಿಡಿಸಿ ನೋಡಿ. ಒಂದು ಕೋರ್‌ನ ಎಸ್‌ಐ ಅಂಕಣ ನೂರರ ಹತ್ತಿರ ಇದ್ರೆ, ಕಾಯುವ ಜಾಗ ಸಿಕ್ಕಿತು.

ಅಳೆಯೋ ಸಾಧನಕ್ಕೂ ಇದೇ ಮಿತಿ ಇತ್ತು. ನಾವೆಲ್ಲ ಬಳಸೋ ಐಪರ್ಫ್3, ಎಷ್ಟು ಸ್ಟ್ರೀಮ್ ಕೊಟ್ಟರೂ ಎಲ್ಲವನ್ನೂ ಒಂದೇ ಥ್ರೆಡ್‌ನಲ್ಲಿ ಓಡಿಸ್ತಿತ್ತು. 2023ರ ಕೊನೆಯಲ್ಲಿ ಬಂದ 3.16ರಲ್ಲಿ ಅದು ಬದಲಾಯ್ತು. ಹಳೇ ಆವೃತ್ತಿ ಇಟ್ಟುಕೊಂಡು 40 ಅಥವಾ 100 ಗಿಗಾಬಿಟ್ ಕಾರ್ಡ್ ಅಳೆದ್ರೆ ಅಳತೆಗೋಲೇ ಚಿಕ್ಕದಾಗಬಹುದು. ಅಂದ ಹಾಗೆ ಐಪರ್ಫ್3 ಬರೆಯೋ ಈಎಸ್‌ನೆಟ್ ನಡೀತಿರೋದು ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಿಂದ. 1986ರಲ್ಲಿ 40 ಬಿಟ್ ಕಂಡ ಅದೇ ಲ್ಯಾಬ್.

ಕಾರ್ಡ್ ಕೂತಿರೋ ಜಾಗ

ಕೊನೆಯ ಕಾಯುವ ಜಾಗ ಮದರ್‌ಬೋರ್ಡ್. ಹಳೇ ಪಿಸಿಐ ಬಸ್ 32 ಬಿಟ್, 33 ಮೆಗಾಹರ್ಟ್ಸ್, ಒಟ್ಟು ಸೆಕೆಂಡಿಗೆ 133 ಎಂಬಿ. ಅದನ್ನ ಅದರ ಮೇಲಿರೋ ಕಾರ್ಡ್‌ಗಳೆಲ್ಲ ಹಂಚಿಕೊಳ್ಳಬೇಕಿತ್ತು. ಅದರ ಮೇಲೆ ಗಿಗಾಬಿಟ್ ಕಾರ್ಡ್ ಹಾಕಿದವರಿಗೆ ಪೂರ್ತಿ ಗಿಗಾಬಿಟ್ ಎರಡೂ ದಿಕ್ಕಿನಲ್ಲಿ ಸಿಗೋ ಮಾತೇ ಇರಲಿಲ್ಲ. 2003ರ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಒಂದೊಂದು ಲೇನ್‌ಗೆ 250 ಎಂಬಿ, ಎರಡನೇ ತಲೆಮಾರಿನಲ್ಲಿ 500, ಮೂರನೆಯದರಲ್ಲಿ ಸುಮಾರು 985.

ನಮ್ಮ ತಂಡದ ಒಂದು ವರ್ಕ್‌ಸ್ಟೇಷನ್‌ನಲ್ಲಿ ಕಂಡದ್ದು ಹೇಳ್ತೀನಿ. ಕಾರ್ಡ್ ಎರಡನೇ ತಲೆಮಾರಿನದು, 8 ಲೇನ್‌ನದು. 3.2 ಗಿಗಾಬಿಟ್‌ಗೆ ಹಗ್ಗ ಕಟ್ಟಿದ ಹಾಗೆ ನಿಂತಿತ್ತು, ಮೇಲೂ ಇಲ್ಲ, ಕೆಳಗೂ ಇಲ್ಲ. ಹೊಸ ಸ್ವಿಚ್ ಕೊಳ್ಳೋ ಮಾತು ನಡೀತಿತ್ತು, ಕೇಬಲ್ ಹಾಕಿದ ಹುಡುಗನ ಮೇಲೆ ಎರಡು ದಿನದಿಂದ ಗೂಬೆ ಕೂರಿಸಿದ್ದರು. ಎಲ್‌ಎಸ್‌ಪಿಸಿಐಯಲ್ಲಿ ನೋಡಿದ್ರೆ ಕಾರ್ಡ್‌ಗೆ 8 ಲೇನ್‌ನ ಸಾಮರ್ಥ್ಯ, ಸಿಕ್ಕಿರೋದು 1 ಲೇನ್. ದಪ್ಪ ಗ್ರಾಫಿಕ್ಸ್ ಕಾರ್ಡ್ ಒಳ್ಳೇ ಸ್ಲಾಟ್‌ಗಳನ್ನ ಮುಚ್ಚಿಕೊಂಡಿದ್ದರಿಂದ ಜೋಡಿಸಿದವರು ಕೆಳಗಿನ ಸ್ಲಾಟ್‌ಗೆ ಹಾಕಿದ್ದರು. ಆ ಸ್ಲಾಟ್ ನೋಡೋಕೆ ಉದ್ದ, ಒಳಗೆ ವೈರ್ ಇದ್ದದ್ದು 1 ಲೇನ್‌ಗೆ. 500 ಎಂಬಿ ಅಂದ್ರೆ 4 ಗಿಗಾಬಿಟ್, ಬಸ್ಸಿನ ಖರ್ಚು ಕಳೆದ್ರೆ 3.2ರ ಆಸುಪಾಸು. ಹಾಸನದ ತನಕ ಹೆದ್ದಾರಿ, ಆಮೇಲೆ ಶಿರಾಡಿ ಘಾಟಿ. ಸ್ಲಾಟ್ ಬದಲಾಯಿಸಿದ ಮೇಲೆ 9.4. ಹುಡುಗನ ಕೇಬಲ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಎರಡು ಸಾಕೆಟ್‌ನ ದೊಡ್ಡ ಮೆಷಿನ್‌ಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪ್ರತಿ ಸಿಪಿಯುಗೂ ತನ್ನದೇ ಮೆಮೊರಿ, ತನ್ನದೇ ಸ್ಲಾಟ್‌ಗಳು. ಕಾರ್ಡ್ ಒಂದು ಸಿಪಿಯು ಕಡೆ, ಪ್ರೋಗ್ರಾಂ ಇನ್ನೊಂದು ಕಡೆ ಇದ್ರೆ ಪ್ರತಿ ಬೈಟೂ ಸೇತುವೆ ದಾಟಬೇಕು.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು

ಚರಿತ್ರೆ ಹೇಳಿದ ಕ್ರಮವನ್ನ ಹಿಂದುಮುಂದು ಮಾಡಿದ್ರೆ ಪರೀಕ್ಷೆಯ ಕ್ರಮ ಸಿಗುತ್ತೆ. ಸೆಟ್ಟಿಂಗ್‌ಗಳನ್ನ ಕೊನೆಗೆ ಇಡಿ.

ಮೊದಲು ಡಿಸ್ಕ್ ಮತ್ತು ನೆಟ್‌ವರ್ಕ್ ಬೇರೆ ಮಾಡಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಕೊಟ್ಟರೆ ಅದು 4.4 ಗಿಗಾಬಿಟ್ ಅಷ್ಟೇ. ಫೈಲ್ ಕಾಪಿ ನಿಧಾನ ಅಂದ್ರೆ ನೆಟ್‌ವರ್ಕ್ ನಿಧಾನ ಅಂತ ಅಲ್ಲ. ಎಸ್‌ಸಿಪಿ ಬಳಸ್ತಿದ್ರೆ ಎನ್‌ಕ್ರಿಪ್ಷನ್‌ನ ಭಾರ ಒಂದೇ ಕೋರ್ ಮೇಲೆ ಬೀಳಬಹುದು, ಜೊತೆಗೆ ಟಿಸಿಪಿ ಮೇಲೆ ತನ್ನದೇ ಇನ್ನೊಂದು ವಿಂಡೋ ಇಟ್ಟುಕೊಂಡಿರುತ್ತೆ, ಅದೇ 1981ರ ಕಥೆ ಮತ್ತೆ. ಐಪರ್ಫ್3ರಲ್ಲಿ ಅಳೆಯಿರಿ. ಆಮೇಲೆ ಸ್ಲಾಟ್, ಎಷ್ಟು ಲೇನ್ ಸಿಕ್ಕಿದೆ. ಆಮೇಲೆ ಕೋರ್‌ಗಳು, ಯಾವುದಾದ್ರೂ ಒಂದು ಒದ್ದಾಡ್ತಿದೆಯಾ. ಒಂದು ಸ್ಟ್ರೀಮ್‌ನಲ್ಲಿ ನಿಧಾನ, ಎಂಟು ಸ್ಟ್ರೀಮ್‌ನಲ್ಲಿ ವೇಗ ಅಂದ್ರೆ ದಿಬ್ಬಣದ ಸಮಸ್ಯೆ ಅಥವಾ ವಿಂಡೋ ಸಮಸ್ಯೆ. ಎಂಟರಲ್ಲೂ ಅಷ್ಟೇ ನಿಂತಿದ್ರೆ ಸ್ಲಾಟ್ ಕಡೆ ಮತ್ತೆ ನೋಡಿ. ಆಮೇಲೆ ಆಫ್‌ಲೋಡ್‌ಗಳು ಉರೀತಿವೆಯಾ, ಕಾರ್ಡ್‌ನ ಎಣಿಕೆಗಳಲ್ಲಿ ಪ್ಯಾಕೆಟ್ ಬಿದ್ದುಹೋಗ್ತಿವೆಯಾ ಅಂತ ಈಥ್‌ಟೂಲ್‌ನಲ್ಲಿ ನೋಡಿ. ಇಷ್ಟೆಲ್ಲ ಆದ ಮೇಲೆ, ಅದೂ ದೂರದ ಊರಿನ ಕನೆಕ್ಷನ್ ಆಗಿದ್ರೆ, ಬಫರ್ ಮುಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆ ಆದ ಮೇಲೆ ಅಳತೆ.

1986ರಲ್ಲಿ ಜೇಕಬ್ಸನ್ ಮುಂದಿದ್ದ ಪ್ರಶ್ನೆಯೂ ನಮ್ಮ ಕಾಲ್‌ನದ್ದೇ: ತಪ್ಪು ಟಿಸಿಪಿಯದ್ದಾ, ದಾರಿಯದ್ದಾ? ಅವರು ಯಾರ ಮೇಲೆ ಹಾಕಲಿ ಅಂತ ಹುಡುಕಲಿಲ್ಲ, ಪ್ಯಾಕೆಟ್‌ಗಳನ್ನ ಒಂದೊಂದಾಗಿ ನೋಡಿ ಎಲ್ಲಿ ಕಾಯ್ತಿವೆ ಅಂತ ಹುಡುಕಿದರು. ನಲವತ್ತು ವರ್ಷ ಆದ್ರೂ ಅದಕ್ಕಿಂತ ಒಳ್ಳೇ ವಿಧಾನ ಯಾರೂ ಕಂಡುಹಿಡಿದಿಲ್ಲ. ನಿಮ್ಮ ಟೀಮಿನ ಕೇಬಲ್ ಹುಡುಗನ ಪರವಾಗಿ ಇಷ್ಟು ಕೇಳ್ಕೋತೀನಿ: ಮುಂದಿನ ಸಲ ವೇಗ ಬಿದ್ದಾಗ ಯಾರದು ಅಂತ ಕೇಳೋ ಮೊದಲು, ಎಲ್ಲಿ ಅಂತ ಕೇಳಿ.